ಗಿಡ್ಡ ಸ್ಪ್ರಿಂಗುಗಳ ಕಾರು

ಲಕ್ಷ್ಮೇಶ್ವರದಿಂದ ಗದಗಕ್ಕೆ ಬರುವ ದಾರಿಯಲ್ಲಿ ಒಂದು ತಿರುವಿದೆ. ತಿರುವಿನ ನಡುವೆಯೇ ರಸ್ತೆ ಒಂದು ಮಗ್ಗುಲಿಗೆ ಕುಸಿದು ಅಲೆಯಂತಾಗಿದೆ. ಕರಿಮಣ್ಣಿನ ಮೇಲೆ ಹಾಕಿದ ರಸ್ತೆಗಳು ಒಂದೆರಡು ಮಳೆಗಾಲ ಕಳೆದರೆ ಹಾಗೇ ಆಗುತ್ತವೆ. ಆ ಸಂಜೆ ತುಂತುರು ಮಳೆ. ಲಕ್ಷ್ಮೇಶ್ವರದ ದವಾಖಾನೆಯ ಕೆಲಸ ಮುಗಿಸಿ ನಾನೊಬ್ಬಳೇ ಹೊರಟಿದ್ದೆ. ಕಾರು ಆ ಅಲೆಯನ್ನು ಏರಿ ಇಳಿದದ್ದೇ ತಡ, ಅದರ ಹಿಂಭಾಗ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಾಡಿ, ಎದುರು ಬರುತ್ತಿದ್ದ ಬಸ್ಸಿನ ಕಡೆಗೆ ಮೂತಿ ತಿರುಗಿಸಿತು. ನಾನು ಬ್ರೇಕ್ ತುಳಿಯಲಿಲ್ಲ, ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಸ್ಸಿನ ಡ್ರೈವರ್ ಎಡಗಡೆಯ ಮಣ್ಣಿಗೆ ಇಳಿಸಿದ. ಕಿಟಕಿಗಳಲ್ಲಿದ್ದ ಮುಖಗಳು ಒಂದೊಂದಾಗಿ ನನ್ನ ಕನ್ನಡಿಯ ಪಕ್ಕದಲ್ಲೇ ದಾಟಿಹೋದವು.

ಮನೆ ಮುಟ್ಟಿದ ಮೇಲೂ ಕಾರಿನಿಂದ ಇಳಿಯಲು ಬಹಳ ಹೊತ್ತು ಬೇಕಾಯಿತು. ನಾನು ಹಲ್ಲಿನ ಡಾಕ್ಟರು. ಕೈ ನಡುಗಿದರೆ ನಡೆಯದ ಕೆಲಸ ನನ್ನದು. ಮರುದಿನ ಬೆಳಗಿನ ರೋಗಿಗಳಿಗೆಲ್ಲ ಫೋನು ಮಾಡಿ ಬರಬೇಡಿರಿ ಎಂದೆ.

ಆ ಕಾರಿನ ಬಗ್ಗೆ ಹೇಳಬೇಕು. ಕಡುನೀಲಿ ಬಣ್ಣದ, ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು. ಹೊರದೇಶದಲ್ಲಿ ತಯಾರಾದದ್ದು. ಕೊಲ್ಹಾಪುರದ ಒಬ್ಬರು ಮಾರುತ್ತಾರೆಂದು ತಿಳಿದು ಹೋಗಿ, ನೋಡಿ, ಓಡಿಸಿ ತಂದಿದ್ದೆ. ನಲವತ್ತು ದಾಟಿದ ಹೆಂಗಸಿಗೆ ಇದೆಂಥ ಹುಚ್ಚು ಎಂದು ಓಣಿಯವರು ಆಡಿಕೊಂಡದ್ದು ಕಿವಿಗೆ ಬಿದ್ದಿದೆ. ಚಿಕ್ಕಂದಿನಿಂದಲೂ ನನಗೆ ಗಾಡಿ ಓಡಿಸುವುದೆಂದರೆ ಜೀವ.

ಬೆಟಗೇರಿಯಲ್ಲಿ ನನ್ನ ಕಾರು ನೋಡುವ ಮೇಸ್ತ್ರಿ ಒಬ್ಬರಿದ್ದಾರೆ. ಮರುದಿನ ಅವರಲ್ಲಿಗೆ ಒಯ್ದೆ. ಅವರು ಕಾರಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಅದು ಎದ್ದು, ಬಿದ್ದು, ಮತ್ತೆ ಎದ್ದು, ತೊಟ್ಟಿಲಿನಂತೆ ತೂಗಿತು.

"ಶಾಕ್ ಸತ್ತಾವ್ರಿ ಅಕ್ಕಾರ," ಎಂದರು. "ನಾಕೂ ಸತ್ತಾವ. ಒಳಗಿನ ಎಣ್ಣಿ ಪೂರಾ ಸೋರೇತಿ. ಸ್ಪ್ರಿಂಗ್ ಕುಣೀತೈತಿ, ಅದನ್ನ ಹಿಡ್ಯಾವರ ಯಾರೂ ಇಲ್ಲ."

ಹಾಗೆ ಶುರುವಾಯಿತು ನನ್ನ ಹುಡುಕಾಟ. ಕಂಪನಿಯ ಶಾಕ್ ಅಬ್ಸಾರ್ಬರುಗಳು ನಮ್ಮ ದೇಶಕ್ಕೆ ಬರುವುದು ನಿಂತು ಹೋಗಿತ್ತು. ಉಳಿದದ್ದು ಬೇರೆಯವರು ತಯಾರಿಸಿದ್ದು. ಅದರಲ್ಲಿ ಎರಡು ದಾರಿ ಕಂಡವು. ಒಂದು, ಶಾಕ್ ಮತ್ತು ಸ್ಪ್ರಿಂಗ್ ಒಂದೇ ಆಗಿ ಬರುವ ಸೆಟ್. ಅದರ ಮೈಮೇಲಿನ ತಿರುಪನ್ನು ತಿರುವಿ ಕಾರನ್ನು ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ನಮ್ಮ ಧೂಳು, ಕೆಸರಿಗೆ ಆ ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ ಎಂದು ಅದನ್ನು ಹಾಕಿಸಿದವರೇ ಇಂಟರ್ನೆಟ್ಟಿನಲ್ಲಿ ಬರೆದಿದ್ದರು. ಇನ್ನೊಂದು, ಗಡಸುತನವನ್ನು ಗುಂಡಿ ತಿರುವಿ ಹೆಚ್ಚು ಕಡಿಮೆ ಮಾಡಬಹುದಾದ ಶಾಕ್‌ಗಳು, ಅವುಗಳಿಗೆ ಜೋಡಿಯಾಗಿ ಗಿಡ್ಡ ಸ್ಪ್ರಿಂಗುಗಳು. ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರು ಒಂದೂವರೆ ಇಂಚು ನೆಲಕ್ಕೆ ಹತ್ತಿರವಾಗುತ್ತದೆ. ತಿರುವಿನಲ್ಲಿ ಅದರ ಮೈ ವಾಲುವುದಿಲ್ಲ, ರಸ್ತೆಗೆ ಅಂಟಿಕೊಂಡು ಓಡುತ್ತದೆ.

ಪುಣೆಯ ವ್ಯಾಪಾರಿಯೊಬ್ಬರಿಗೆ ಫೋನು ಮಾಡಿದೆ. ಅವರು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ಗಾಡಿ ನಿಮ್ಮ ಮಗನದಾ ಎಂದು ಕೇಳಿದರು. ನನ್ನದೇ ಎಂದಾಗ, ಹಳೇ ಶಾಕ್ ಇಟ್ಟುಕೊಂಡು ಬರೀ ಗಿಡ್ಡ ಸ್ಪ್ರಿಂಗ್ ಹಾಕಿಸುವ ಕೆಲಸ ಮಾತ್ರ ಮಾಡಬೇಡಿರಿ, ಎರಡನ್ನೂ ಒಟ್ಟಿಗೆ ಬದಲಿಸಿರಿ ಎಂದರು. ಅದು ನನಗೂ ಗೊತ್ತಿತ್ತು. ಸ್ಪ್ರಿಂಗ್ ಗಿಡ್ಡವಾದಷ್ಟೂ ಗಡಸಾಗಿರಬೇಕು, ಅದನ್ನು ಹಿಡಿಯುವ ಶಾಕ್ ಅದಕ್ಕೆ ತಕ್ಕಷ್ಟು ಗಟ್ಟಿಯಾಗಿರಬೇಕು.

ಮನೆಯಲ್ಲಿ ಈ ವಿಷಯ ಬಂದಾಗ ನನ್ನ ಗಂಡ ಊಟದ ತಾಟಿನಿಂದ ತಲೆ ಎತ್ತಿದರು. ಅವರದು ಗೊಬ್ಬರ, ಬೀಜದ ಅಂಗಡಿ. ಜಿಲ್ಲೆಯ ಹಳ್ಳಿಗಳೆಲ್ಲ ಅವರಿಗೆ ಪರಿಚಯ.

"ಶಾಕ್ ಹಾಕಸು. ಬ್ಯಾಡ ಅನ್ನಂಗಿಲ್ಲ," ಎಂದರು. "ಗಾಡಿ ಮಾತ್ರ ತಗ್ಗಸಬ್ಯಾಡ. ಊರೂರಿಗೆ ಹಂಪ್ ಅದಾವ. ಒಂದಕ್ಕರ ಅಳತಿ ಐತೇನು?"

"ತಗ್ಗಿದ್ರ ತಿರುವಿನ್ಯಾಗ ಹಿಡಿತ ಸಿಗತೈತ್ರಿ. ಅವತ್ತ ಆ ಬಸ್ಸಿನ ಕಡೆ ಹೆಂಗ ಹೋತು ಅನ್ನೂದು ನನಗ ಗೊತ್ತು."

"ಸಾವಕಾಶ ಹೊಡದ್ರೂ ಹಿಡಿತ ಸಿಗತೈತಿ."

ನಾನು ಅವತ್ತು ಸಾವಕಾಶವಾಗಿಯೇ ಹೊಡೆಯುತ್ತಿದ್ದೆ. ಅದನ್ನು ಅವರು ನಂಬಲಿಲ್ಲ. ಆ ಮಾತಿಗೆ ನಮ್ಮಿಬ್ಬರ ನಡುವೆ ಕೆಲವು ದಿನ ಬಿಗುವು ಉಳಿಯಿತು.

ಅತ್ತೆಗೆ ಎಪ್ಪತ್ತು ದಾಟಿದೆ. ಮೊಣಕಾಲಿನ ಆಪರೇಷನ್ ಆಗಿದೆ. ಆದರೂ ನನ್ನ ಕಾರೆಂದರೆ ಅವರಿಗೆ ಇಷ್ಟವಿತ್ತು. ಕಾಲು ಉದ್ದಕ್ಕೆ ಚಾಚಿ ಕೂರಬಹುದು ಎನ್ನುವುದು ಒಂದು ಕಾರಣ. ಇಳಿಯುವಾಗ ಮಾತ್ರ ನಾನು ಅವರ ಎರಡೂ ಕೈ ಹಿಡಿದು ಎಳೆಯಬೇಕು. ಇನ್ನೂ ಒಂದೂವರೆ ಇಂಚು ತಗ್ಗಿಸುತ್ತೇನೆ ಎಂದಾಗ ಅವರು ನಕ್ಕರು.

"ಈಗ ನೀ ಒಬ್ಬಾಕಿ ಎಬ್ಬಸ್ತಿ. ಇನ್ನ ಮ್ಯಾಲ ಇಬ್ಬರ್ನ ಕರದಿಟ್ಕೊ."

ಗಿಡ್ಡ ಸ್ಪ್ರಿಂಗುಗಳನ್ನೇ ತರಿಸಿದೆ. ತಿರುವಿನ ಭಯ ಒಂದು ಕಡೆ. ಇನ್ನೊಂದು ಕಡೆ, ಚಕ್ರ ಮತ್ತು ಮೈಯ ನಡುವಿನ ಆ ಖಾಲಿ ಜಾಗ ತುಂಬಿದರೆ ಕಾರು ಹೇಗೆ ಕಾಣಬಹುದು ಎಂಬ ಆಸೆಯೂ ಇತ್ತು.

ಹಾಕಿಸುವ ದಿನ ಮೇಸ್ತ್ರಿಯವರ ಶೆಡ್ಡಿನಲ್ಲಿ ನಿಂತು ನೋಡುತ್ತಿದ್ದೆ. ಹಳೆಯ ಶಾಕ್ ಬಿಚ್ಚಬೇಕಾದರೆ ಅದರ ಸುತ್ತ ಕೂತಿರುವ ಸ್ಪ್ರಿಂಗನ್ನು ಮೊದಲು ಒತ್ತಿ ಹಿಡಿಯಬೇಕು. ಎರಡೂ ಬದಿಗೆ ಕೊಕ್ಕೆಯ ಉದ್ದ ಬೋಲ್ಟುಗಳನ್ನು ಸಿಕ್ಕಿಸಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಸ್ಪ್ರಿಂಗನ್ನು ಕುಗ್ಗಿಸುತ್ತಾರೆ. ಕಾರಿನ ಭಾರ ಹೊರುವ ಉಕ್ಕು ಅದು.

"ಅಕ್ಕಾರ, ಹೊರಗ ನಿಂದರ್ರಿ," ಎಂದರು ಮೇಸ್ತ್ರಿ.

ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಹೊರಗೆ ಹೋಗಲಿಲ್ಲ. ಅವರು ಮೇಲಿನ ನಟ್ಟಿಗೆ ಪಾನಾ ಹಾಕಿ ತಿರುವುವಾಗ ಒಂದು ಕೊಕ್ಕೆ ಸುರುಳಿಯ ಮೇಲೆ ಕೂದಲೆಳೆಯಷ್ಟು ಜಾರಿದ್ದು ನನ್ನ ಕಣ್ಣಿಗೆ ಬಿತ್ತು. ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಗುಂಡು ಹೊಡೆದಂಥ ಸಪ್ಪಳವಾಯಿತು. ಸ್ಪ್ರಿಂಗ್ ನನ್ನ ಭುಜದ ಪಕ್ಕದಿಂದ ಹಾರಿ ಹಿಂದಿನ ತಗಡಿಗೆ ಬಡಿಯಿತು. ತಗಡು ಒಳಕ್ಕೆ ಗುಳಿ ಬಿತ್ತು. ಮೇಸ್ತ್ರಿ ನೆಲಕ್ಕೆ ಕುಸಿದು ಕೂತು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಹೆಬ್ಬೆರಳಿನ ಬುಡದಿಂದ ರಕ್ತ ಹರಿಯುತ್ತಿತ್ತು. ಬೆರಳು ಉಳಿದಿತ್ತು. ಗಾಯ ತೊಳೆದು ಕಟ್ಟಿ, ಗದಗದ ನನ್ನ ದವಾಖಾನೆಗೆ ಕರೆದೊಯ್ದು ಹೊಲಿಗೆ ಹಾಕಿದೆ. ಹೊಲಿಗೆ ಮುಗಿದ ಮೇಲೆ, "ಹೊಸಾ ಕೊಕ್ಕಿ ತರಸಬೇಕು, ಅಲ್ಲೀತನಾ ನಾ ಮುಟ್ಟಂಗಿಲ್ಲ," ಎಂದರು. ಹೊಸದನ್ನು ತರಿಸಿದ ಮೇಲೆಯೇ ಉಳಿದ ಕೆಲಸ ನಡೆಯಿತು. ಆ ದಿನಗಳಲ್ಲಿ ನಾನು ಶೆಡ್ಡಿನ ಹೊರಗೇ ನಿಂತೆ.

ಕಾರು ಬದಲಾಯಿತು. ಲಕ್ಷ್ಮೇಶ್ವರದ ಆ ತಿರುವಿನಲ್ಲಿ, ಆ ಅಲೆಯ ಮೇಲೆ, ಒಮ್ಮೆ ಕೆಳಕ್ಕೆ ಹೋಗಿ ಮೇಲೆ ಬಂದು ನಿಂತುಬಿಟ್ಟಿತು. ತೂಗಾಟವಿಲ್ಲ. ತಿರುಗಿ ಹೋಗಿ ಮತ್ತೊಮ್ಮೆ ದಾಟಿಸಿದೆ. ಹಂಪುಗಳದ್ದು ಬೇರೆಯ ಕಥೆ. ಪ್ರತಿ ಹಂಪನ್ನೂ ಓರೆಯಾಗಿ, ಒಂದೊಂದೇ ಚಕ್ರ ಏರಿಸಿ ದಾಟಿಸಬೇಕು. ಶಿರಹಟ್ಟಿಯ ಒಳಗಿನ ಒಂದು ಹಂಪಿನಲ್ಲಿ ಎಷ್ಟೇ ಓರೆ ಮಾಡಿದರೂ ಹೊಟ್ಟೆ ಕೆರೆಯುತ್ತಿತ್ತು. ಆ ಸಪ್ಪಳಕ್ಕೆ ನನ್ನ ಹಲ್ಲುಗಳೇ ಜುಮ್ಮೆನ್ನುತ್ತಿದ್ದವು. ನಾನು ಶಾಕಿನ ಗುಂಡಿಯನ್ನು ಮೆತ್ತಗಿನ ಕಡೆಗೆ ತಿರುವಿದೆ, ಆಮೇಲೆ ಗಡಸಿನ ಕಡೆಗೆ, ಮತ್ತೆ ನಡುವಿಗೆ.

ಚಳಿಗಾಲ ಬಂತು. ಅತ್ತೆಯ ತವರು ಸಿಂಗಟಾಲೂರು. ಅವರ ತಮ್ಮನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ರಮವಿತ್ತು. ಗಂಡ ಬೆಳಿಗ್ಗೆ ಬೇಗ ದೊಡ್ಡ ಗಾಡಿಯಲ್ಲಿ ತೊಟ್ಟಿಲು, ಪಾತ್ರೆ, ನೆಂಟರನ್ನೆಲ್ಲ ಹೇರಿಕೊಂಡು ಮುಂಡರಗಿಯ ನೇರ ದಾರಿಯಿಂದ ಹೋದರು. ನನಗೆ ಲಕ್ಷ್ಮೇಶ್ವರದಲ್ಲಿ ಬಿಡಲಾಗದ ಒಬ್ಬ ರೋಗಿ ಇದ್ದರು. ಅತ್ತೆ, "ಆ ಗದ್ಲದಾಗ ನಾ ಬರಂಗಿಲ್ಲ, ಸೊಸಿ ಕೂಡ ಬರ್ತೀನಿ," ಎಂದು ನನ್ನ ಜೊತೆ ಉಳಿದರು. ಲಕ್ಷ್ಮೇಶ್ವರದ ಕೆಲಸ ಮುಗಿಸಿ, ಶಿರಹಟ್ಟಿ ದಾಟಿ, ಮುಂಡರಗಿಯ ಕಡೆಗೆ ಹೊರಟಾಗ ಬಿಸಿಲು ಏರಿತ್ತು.

ಒಂದು ಊರು ದಾಟಿದ ಮೇಲೆ ರಸ್ತೆಯ ತುಂಬ ಹುರಳಿ ಹಾಸಿದ್ದರು. ಬೇರುಸಹಿತ ಕಿತ್ತ ಒಣ ಗಿಡಗಳು, ಬಳ್ಳಿ ಬಳ್ಳಿಯಾಗಿ ಹೆಣೆದುಕೊಂಡು ಮೊಣಕಾಲೆತ್ತರ ಬಿದ್ದಿದ್ದವು. ವಾಹನಗಳು ಅದರ ಮೇಲೆ ಹಾಯ್ದರೆ ಕಾಳು ಬಿಡುತ್ತದೆ. ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಇದು ಹೊಸದಲ್ಲ. ಪಕ್ಕಕ್ಕೆ ಸರಿಯೋಣವೆಂದರೆ ಎರಡೂ ಕಡೆ ಕಲ್ಲು ಇಟ್ಟಿದ್ದರು. ಮುಂದಿದ್ದ ಟೆಂಪೋ ಸರಾಗವಾಗಿ ದಾಟಿತು. ನಾನು ನಡಿಗೆಯ ವೇಗಕ್ಕೆ ಇಳಿಸಿ ಹಾಯಿಸಿದೆ. ಕಾರಿನ ಹೊಟ್ಟೆಗೆ ಯಾರೋ ಕಸಬರಿಗೆ ಹಿಡಿದು ಉದ್ದಕ್ಕೂ ಉಜ್ಜುತ್ತಿದ್ದಾರೇನೋ ಎನ್ನುವಂಥ ಸಪ್ಪಳ. ದಾಟಿದೆವು. ಸ್ವಲ್ಪ ಮುಂದೆ ಇನ್ನೊಂದು ಹಾಸು, ಅದರ ಬೆನ್ನಿಗೇ ಮತ್ತೊಂದು. ಉಜ್ಜುವ ಸಪ್ಪಳ ಹುರಳಿ ಮುಗಿದ ಮೇಲೂ ನಿಲ್ಲಲಿಲ್ಲ.

"ಯಾರೋ ಹುರಳಿ ಹುರಿಯಾಕತ್ತಾರ," ಎಂದರು ಅತ್ತೆ. "ಘಮ್ಮ ಅಂತೈತಿ ನೋಡು."

ನನಗೂ ಆ ವಾಸನೆ ಬಂತು. ಆಮೇಲೆ ಅದರೊಳಗೆ ರಬ್ಬರ್ ಸುಟ್ಟ ವಾಸನೆ ಸೇರಿತು. ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹೊಗೆ ಎದ್ದಿತು. ಕನ್ನಡಿಯಲ್ಲಿ ನೋಡಿದರೆ ನಾವು ಬಂದ ದಾರಿಯ ಮೇಲೆ ಉರಿಯುವ ಎಳೆಗಳು ಅಲ್ಲಲ್ಲಿ ಬಿದ್ದಿದ್ದವು. ಕಾರಿನ ಕೆಳಗೆ ಸುತ್ತಿಕೊಂಡ ಹುರಳಿ ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಂಡಿತ್ತು.

ಎಡಕ್ಕೆ ಎಳೆದು ನಿಲ್ಲಿಸಿ ಇಂಜಿನ್ ಆರಿಸಿದೆ. ನನ್ನ ಬೆಲ್ಟ್ ಬಿಚ್ಚಿ, ಅವರ ಬೆಲ್ಟ್ ಬಿಚ್ಚಿ, "ಅತ್ತ್ಯಾರ, ಇಳೀರಿ, ಜಲ್ದಿ ಇಳೀರಿ," ಎಂದೆ. ಅವರು ಬಾಗಿಲಿನ ಹಿಡಿ ಎಳೆದು ತಳ್ಳಿದರು. ಬಾಗಿಲು ಅಂಗೈಯಷ್ಟು ತೆರೆದು ನಿಂತಿತು. ಮತ್ತೆ ತಳ್ಳಿದರು. ಅದು ಅಲುಗಲಿಲ್ಲ.

ನಾನು ಇಳಿದು ಸುತ್ತಿ ಓಡಿದೆ. ಎರಡು ಬಾಗಿಲಿನ ಕಾರಿನ ಬಾಗಿಲು ಉದ್ದ, ಭಾರ. ರಸ್ತೆಯ ಅಂಚಿಗೆ ಯಾರೋ ಮೊರಂ, ರಸ್ತೆಗೆ ಹಾಕುವ ಗರಸು ಮಣ್ಣು, ಸುರಿದು ಏರು ಮಾಡಿದ್ದರು. ಬಾಗಿಲಿನ ಕೆಳಗಿನ ಅಂಚು ಆ ಮೊರಂ ಒಳಗೆ ಹೂತು ಕಚ್ಚಿಕೊಂಡಿತ್ತು. ಕಾರು ಮೊದಲಿನ ಎತ್ತರದಲ್ಲಿದ್ದರೆ ಬಾಗಿಲು ಅದರ ಮೇಲೆ ಹಾಯುತ್ತಿತ್ತು. ನಾನು ಎರಡೂ ಕೈ ಹಾಕಿ ಎಳೆದೆ. ಮುಂದಿನ ಚಕ್ರದ ಹಿಂದೆ, ಕೆಳಗೆ, ಕೆಂಪಗೆ ಉರಿ ಕಂಡಿತು.

ಮತ್ತೆ ನನ್ನ ಬದಿಗೆ ಓಡಿ ಒಳಗೆ ಬಗ್ಗಿದೆ. "ಈ ಕಡೆ ಬರ್ರಿ, ಗೇರಿನ ಮ್ಯಾಲಿಂದ ದಾಟ್ರಿ." ಅವರು ಎರಡೂ ಕೈ ಊರಿ ಎದ್ದರು. ಆಪರೇಷನ್ ಆದ ಕಾಲು ಮಡಿಚಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಸಿಕ್ಕಿಕೊಂಡಿತು. ಸೀಟನ್ನು ಹಿಂದಕ್ಕೆ ಸರಿಸಲು ಹಿಡಿ ಹುಡುಕಿದೆ, ಅವರ ಸೀರೆಯ ನೆರಿಗೆಗಳೇ ಕೈಗೆ ಸಿಕ್ಕವು. ಒಳಗೆ ಹೊಗೆ ತುಂಬತೊಡಗಿತ್ತು. ಅತ್ತೆ ಕೆಮ್ಮುತ್ತಾ, "ಗಾಬರಿ ಆಗಬ್ಯಾಡ. ಸಾವಕಾಶ ಎಳಿ," ಎಂದರು. ನನಗೆ ಸಾವಕಾಶ ಎನ್ನುವುದೇ ಮರೆತುಹೋಗಿತ್ತು.

ಅಷ್ಟರಲ್ಲಿ ಹೊಲದ ಕಡೆಯಿಂದ ಗಂಡ ಹೆಂಡತಿ ಇಬ್ಬರು ಓಡಿ ಬಂದರು. ಕೊನೆಯ ಹಾಸಿನ ಹುರಳಿ ಅವರದೇ. ಆತ ಉದ್ದ ಕೋಲಿನಿಂದ ಕಾರಿನ ಕೆಳಗಿನ ಉರಿಯುವ ಗಿಡಗಳನ್ನು ಕೊಕ್ಕೆ ಹಾಕಿ ಎಳೆಯತೊಡಗಿದ. ಆಕೆ ಒಂದು ಕ್ಷಣ ನೋಡಿದಳು. ನಾನು, "ಬಾಗ್ಲಾ, ಬಾಗ್ಲಾ," ಎಂದು ಕೂಗಿದೆ. ಆಕೆ ಎಡಬದಿಗೆ ಹೋಗಿ ಮಂಡಿಯೂರಿ, ಕೈಯಲ್ಲಿದ್ದ ಕುಡಗೋಲಿನಿಂದ ಬಾಗಿಲಿನ ಕೆಳಗಿನ ಮೊರಂ ಬಗೆಯಲು ಶುರುಮಾಡಿದಳು. ಬಗೆದು ಕೈಯಿಂದ ಬಾಚಿ ಹಿಂದಕ್ಕೆ ಎಸೆಯುತ್ತಿದ್ದಳು. ಉರಿ ಆಕೆಯಿಂದ ತೋಳಿನಷ್ಟು ದೂರದಲ್ಲಿತ್ತು. ನಾನೂ ಓಡಿ ಹೋಗಿ ಬಾಗಿಲು ಹಿಡಿದು ಜಗ್ಗಿದೆ. ಅದು ಕಿರುಗುಟ್ಟುತ್ತಾ ಇನ್ನೊಂದಿಷ್ಟು ತೆರೆಯಿತು.

"ಯವ್ವಾ, ಕೈ ಕೊಡು," ಎಂದಳು ಆಕೆ.

ಇಬ್ಬರೂ ಸೇರಿ ಎಳೆದೆವು. ಅತ್ತೆ ಪಕ್ಕಕ್ಕೆ ವಾಲಿ, ಹೆಗಲು ಮೊದಲು, ಆಮೇಲೆ ಕಾಲು, ಹೊರಗೆ ಬಂದು ಮೊರಂ ಮೇಲೆ ಬಿದ್ದರು. ಎತ್ತಿ ನಿಲ್ಲಿಸಲು ಹೋಗಲಿಲ್ಲ. ಕಂಕುಳಿಗೆ ಕೈ ಹಾಕಿ ಹೊಲದ ಬದುವಿನತನಕ ಎಳೆದುಕೊಂಡು ಹೋದೆವು.

ಆತ ಬುಟ್ಟಿಯಲ್ಲಿ ಮಣ್ಣು ತುಂಬಿ ತುಂಬಿ ಎಸೆಯುತ್ತಿದ್ದ. ಹಿಂದಿನಿಂದ ಬಂದ ಟ್ರ್ಯಾಕ್ಟರಿನವರು ನೀರಿನ ಕೊಡಗಳನ್ನು ಇಳಿಸಿದರು. ಬೆಂಕಿ ಆರಿತು. ಕಾರಿನ ಮುಂಭಾಗದ ಕೆಳಗೆಲ್ಲ ಕರಗಿ, ಕಪ್ಪಾಗಿ, ತಂತಿಗಳು ನೇತಾಡುತ್ತಿದ್ದವು. ಅತ್ತೆಗೆ ಮೊಣಕೈ ತರಚಿತ್ತು, ಸೊಂಟ ನೋಯುತ್ತಿತ್ತು. ಮೊಣಕಾಲು ಮುಟ್ಟಿ ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ.

ಜನ ಸೇರಿದರು. ಯಾರೋ ಒಬ್ಬರು, "ಪೊಲೀಸರಿಗೆ ಫೋನ್ ಹಚ್ರಿ, ರೋಡಿಗೆ ಹಾಕಬಾರದಂತ ಎಷ್ಟ ಸಲ ಹೇಳ್ಯಾರ," ಎಂದರು. ಆ ರೈತ ಬುಟ್ಟಿ ಹಿಡಿದುಕೊಂಡೇ ನಿಂತಿದ್ದ. ಅವನ ಮುಖದಲ್ಲಿ ಬೆವರು, ಮಸಿ.

"ಎಲ್ಲಾರೂ ಹಾಕ್ತಾರ್ರಿ ಅಕ್ಕಾರ," ಎಂದ. "ಕಣಾ ಮಾಡಾಕ ನಮಗ ಜಾಗ ಇಲ್ರಿ."

ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಅವನ ಹೆಂಡತಿ ಅಂಗೈ ಬಿಚ್ಚಿ ಅದಕ್ಕೆ ಉಗುಳು ಹಚ್ಚಿಕೊಳ್ಳುತ್ತಿರುವುದು ಕಂಡಿತು. ಕೈ ತುಂಬ ಬೊಬ್ಬೆ. ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ದೂರದಲ್ಲಿ ಮಂದಿ ತುಂಬಿದ ಕ್ರೂಸರ್ ಗಾಡಿಯೊಂದು ಅದೇ ಹುರಳಿಯ ಕಡೆಗೆ ಬರುತ್ತಿತ್ತು. ನಾನು ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತೆ.

"ಮೊದ್ಲ ಇದನ್ನ ತೆಗೀರಿ," ಎಂದೆ. "ಇದನ್ನ ತೆಗ್ಯೂತನಾ ನಾ ಇಲ್ಲಿಂದ ಸರಿಯಂಗಿಲ್ಲ. ತೆಗದ್ರ ಪೊಲೀಸರಿಗೆ ಹೇಳಂಗಿಲ್ಲ."

ಯಾರೂ ಅಲುಗಲಿಲ್ಲ. ಬದುವಿನ ಮೇಲೆ ಕೂತಿದ್ದ ಅತ್ತೆ ಅಲ್ಲಿಂದಲೇ ರೈತನಿಗೆ ಹೇಳಿದರು. "ತಮ್ಮಾ, ಆಕಿ ಹೇಳಿದಂಗ ಮಾಡು. ಇವತ್ತ ನಿನ್ನ ಹೇಣ್ತಿ ಇದ್ಲು, ನಾ ಉಳದೆ. ನಾಳಿ ಯಾರ ಇರ್ತಾರ?"

ಆತ ಹುರಳಿ ಎಳೆಯತೊಡಗಿದ. ಜನರೂ ಕೈ ಹಾಕಿದರು. ನಾನೂ ಎಳೆದೆ. ಮುಳ್ಳಿಲ್ಲದ ಗಿಡವಾದರೂ ಅದರ ರೋಮದಂಥ ಸಣ್ಣ ಸುಂಕು ಅಂಗೈಗೆ ಚುಚ್ಚಿಕೊಂಡು ದಿನಗಟ್ಟಲೆ ತುರಿಸಿತು.

ಗಂಡ ಸಿಂಗಟಾಲೂರಿನಿಂದ ಓಡಿ ಬಂದರು. ತಾಯಿಯನ್ನು ಮುಟ್ಟಿ ನೋಡಿದರು, ನನ್ನನ್ನು ನೋಡಿದರು, ಕಾರನ್ನು ನೋಡಿದರು. ತಾಯಿಯನ್ನು ತಮ್ಮ ಗಾಡಿಗೆ ಎತ್ತಿ ಕೂರಿಸಿದರು. ಮಾತು ಬಂದದ್ದು ಮರುದಿನ.

"ಎತ್ತರ ಇದ್ದಿದ್ರ ಬಾಗ್ಲಾ ತಗೀತಿತ್ತು."

"ಹೌದ್ರಿ," ಎಂದೆ. "ಬೆಂಕಿ ಮಾತ್ರ ಆಗಲೂ ಹತ್ತತಿತ್ತು. ಎತ್ತರದ ಜೀಪಿಗೂ ಹತ್ತೇತಿ ಅಂತ ಮೇಸ್ತ್ರಿ ಹೇಳ್ಯಾರ."

"ನಾ ಬೆಂಕಿ ಮಾತ ಎತ್ತಿಲ್ಲ. ಬಾಗ್ಲದ ಮಾತ ಹೇಳಿದೆ."

ಕಾರು ಮಾರಿಬಿಡುತ್ತೇನೆ ಎಂದೆ. ಒಳಗಿನ ಕೋಣೆಯಲ್ಲಿ ಮಲಗಿದ್ದ ಅತ್ತೆ ಕೇಳಿಸಿಕೊಂಡಿದ್ದರು.

"ಮಾರಬ್ಯಾಡ," ಎಂದು ಅಲ್ಲಿಂದಲೇ ಹೇಳಿದರು. "ಗಾಡಿ ಇಟ್ಕೊ. ನನ್ನನ್ನಷ್ಟ ಅದರಾಗ ಕುಂಡ್ರಸಬ್ಯಾಡ. ನನಗ ಇನ್ನ ಧೈರ್ಯ ಇಲ್ಲ."

ತಂತಿ, ಪೈಪು, ಕರಗಿದ ಭಾಗಗಳನ್ನೆಲ್ಲ ಬದಲಿಸಲು ಬೇಸಿಗೆ ಕಳೆಯಿತು. ಶಾಕ್‌ಗಳಿಗೆ ಬೆಂಕಿ ತಾಗಿರಲಿಲ್ಲ. ಅವುಗಳನ್ನು ಉಳಿಸಿಕೊಂಡು ಸ್ಪ್ರಿಂಗುಗಳನ್ನಷ್ಟೇ ಬದಲಿಸಬಹುದೇ ಎಂದು ಪುಣೆಯವರಿಗೆ ಕೇಳಿದೆ. ಉದ್ದ ಸ್ಪ್ರಿಂಗಿಗೂ ಆ ಶಾಕ್ ಆಗುತ್ತದೆ, ಗುಂಡಿಯನ್ನು ಮೆತ್ತಗಿನ ಕಡೆ ಇಟ್ಟುಕೊಳ್ಳಿರಿ ಎಂದರು. ಕಂಪನಿಯ ಎತ್ತರದ ಸ್ಪ್ರಿಂಗುಗಳನ್ನು ಹಾಕಿಸಿದೆ. ತಿರುವಿನಲ್ಲಿ ಕಾರು ಈಗ ಸ್ವಲ್ಪ ವಾಲುತ್ತದೆ, ಜಾರುವುದಿಲ್ಲ. ಇಷ್ಟು ಸಾಕು ಎನ್ನಿಸುತ್ತದೆ. ಕೆಲವೊಮ್ಮೆ, ಖಾಲಿ ರಸ್ತೆಯಲ್ಲಿ, ಸಾಲದು ಎಂದೂ ಅನ್ನಿಸುತ್ತದೆ.

ಅತ್ತೆ ಮತ್ತೆ ಆ ಕಾರು ಹತ್ತಿಲ್ಲ. ನಾನು ಕರೆಯುವುದೂ ಇಲ್ಲ. ಅವರನ್ನು ಸಿಂಗಟಾಲೂರಿಗೆ ಕರೆದೊಯ್ಯಬೇಕಾದರೆ ಗಂಡನ ಗಾಡಿ ಕೇಳಿ ಪಡೆಯುತ್ತೇನೆ.

ಈ ಸಲದ ಸುಗ್ಗಿಯಲ್ಲಿ ಶಿರಹಟ್ಟಿಯ ಹತ್ತಿರ ಮತ್ತೆ ರಸ್ತೆಗೆ ಹುರಳಿ ಬಿದ್ದಿತ್ತು. ನಾನು ಅದರ ಮುಂದೆ ಕಾರು ನಿಲ್ಲಿಸಿ ಇಳಿದೆ. ಹಿಂದೆ ಗಾಡಿಗಳು ನಿಂತು ಹಾರ್ನ್ ಹೊಡೆಯತೊಡಗಿದವು. ಮೈಕೈಯೆಲ್ಲ ಧೂಳಾದ ಹಿರಿಯನೊಬ್ಬ ಹೊಲದಿಂದ ಬಂದು, "ಹಾಯಸ್ರಿ, ಏನೂ ಆಗಂಗಿಲ್ಲ," ಎಂದ. ನಾನು ಒಲ್ಲೆನೆಂದು ತಲೆ ಅಲ್ಲಾಡಿಸಿದೆ. ಆತ ಗೊಣಗಿದ, ನನ್ನನ್ನೂ ನನ್ನ ಕಾರನ್ನೂ ಬೈದ. ಹಾರ್ನ್ ಇನ್ನೂ ಜೋರಾಯಿತು. ನಾನು ಕದಲಲಿಲ್ಲ. ಕೊನೆಗೆ ಆತ ಕೋಲು ತಂದು ಅರ್ಧ ರಸ್ತೆಯ ಹುರಳಿಯನ್ನು ಪಕ್ಕಕ್ಕೆ ಎಳೆದ. ನಾನು ಬಗ್ಗಿ ಕಾರಿನ ಕೆಳಗೆ ನೋಡಿ, ಆ ತೆರವಾದ ಅರ್ಧದಲ್ಲಿ ನಿಧಾನವಾಗಿ ಮುಂದೆ ಹೋದೆ.